‘ನಾಸ್ತಿಕ’ ಅನ್ನಿಸಿಕೊಳ್ಳಲು ಮುಜುಗರ. ನೀವೇನು ಹೇಳ್ತೀರಿ?

ಅಲೆಮಾರಿ: ನನಗೆ ದೇವರಲ್ಲಿ ನಂಬಿಕೆಯಿಲ್ಲ. ಆದರೆ ‘ನಾಸ್ತಿಕ’ ಅಂದ ತಕ್ಷಣ ಎದುರಿನವರ ಮುಖ ಬಿಗಿಯುತ್ತದೆ, ಇವನೊಬ್ಬ ಜಗಳಗಂಟ ಅಂತ. ‘ವಿಚಾರವಾದಿ’ ಅಂದರೆ ಯಾವ ಪಕ್ಷ ಅಂತ ಕೇಳುತ್ತಾರೆ. ಹೊಸ ಆಫೀಸು. ಕೇಳಿದರೆ ಏನು ಹೇಳಲಿ?

ನೇರನುಡಿ: ನಾನು ನಾಸ್ತಿಕ ಅಂತಲೇ ಹೇಳುವುದು, ಮೊದಲಿನಿಂದಲೂ. ಅದಕ್ಕೆ ತೆತ್ತ ಬೆಲೆ ಕೇಳಿ. ತಂಗಿಗೆ ಸಂಬಂಧ ಕೂಡಿಬಂದಿತ್ತು, ದಿನ ಗೊತ್ತು ಮಾಡುವುದಷ್ಟೇ ಬಾಕಿ. ಗಂಡಿನ ಕಡೆಯವರು ನನ್ನ ಹಳೇ ಪೋಸ್ಟುಗಳನ್ನೆಲ್ಲ ಹುಡುಕಿ ತೆಗೆದು, ಸ್ಕ್ರೀನ್‌ಶಾಟ್ ಮಾಡಿ, ಒಂದೊಂದಾಗಿ ಅಪ್ಪನ ಫೋನಿಗೇ ಕಳಿಸಿದರು. ಅಪ್ಪ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದರು, ಒಂದು ಮಾತೂ ಆಡಲಿಲ್ಲ. ಸಂಬಂಧ ಮುರಿಯಿತು. ಅಮ್ಮ ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದರು, ಊಟಕ್ಕೆ ಬಾ ಅನ್ನುತ್ತಿರಲಿಲ್ಲ. ತಂಗಿ ಮಾತ್ರ, ‘ಅಂಥ ಮನೆ ತಪ್ಪಿದ್ದೇ ಒಳ್ಳೇದಾಯ್ತು ಬಿಡಣ್ಣ’ ಅಂದಳು. ಇಷ್ಟಾದರೂ ನಾನು ಹೆಸರು ಬದಲಾಯಿಸಲಿಲ್ಲ. ದೇವರು ಇದ್ದಾನೋ ಇಲ್ಲವೋ ಗೊತ್ತಿಲ್ಲ ಅನ್ನುವ ಈ ಅಜ್ಞೇಯತಾವಾದಿ ಗಿಜ್ಞೇಯತಾವಾದಿ ಎಲ್ಲ ಧೈರ್ಯ ಸಾಲದವರ ಮಾತು.

ಮಂಜುಹನಿ: ನೇರನುಡಿ ಅವರೇ, ಧೈರ್ಯದ ಪಾಠ ಬೇಡ. ಅಜ್ಞೇಯತಾವಾದಿ ಅನ್ನುವುದಕ್ಕೆ ಇಂಗ್ಲಿಷಿನ ‘ಅಗ್ನಾಸ್ಟಿಕ್’ ಪದ ಹುಟ್ಟುಹಾಕಿದ್ದು ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ, 1869ರಲ್ಲಿ. ಡಾರ್ವಿನ್‌ನ ವಿಕಾಸವಾದದ ಪರವಾಗಿ ಎದೆಯೊಡ್ಡಿ ವಾದ ಮಾಡಿದ ಮನುಷ್ಯ ಪುಕ್ಕಲನಾ? ಗೊತ್ತಿಲ್ಲದ್ದನ್ನು ಗೊತ್ತು ಅನ್ನಬಾರದು, ನನ್ನ ನಿಲುವೂ ಅಷ್ಟೇ. ನಮ್ಮವರನ್ನು ಆಸ್ಪತ್ರೆಗೆ ಸೇರಿಸುವಾಗ ಫಾರಂನಲ್ಲಿ ಧರ್ಮದ ಜಾಗ ಖಾಲಿ ಬಿಟ್ಟೆ. ಕೌಂಟರಿನಾಕೆ ಪೆನ್ನು ಕೆಳಗಿಟ್ಟು ಕೂತುಬಿಟ್ಟರು. ಹಿಂದೆ ಇವರು ಗಾಲಿಕುರ್ಚಿಯಲ್ಲಿ ನರಳುತ್ತಿದ್ದಾರೆ, ಸಾಲಿನವರು ಬೈಯುತ್ತಿದ್ದಾರೆ. ಕೊನೆಗೆ ಅವರೇ ನಮ್ಮ ಹೆಸರು ನೋಡಿ ಒಂದು ಧರ್ಮ ಬರೆದುಕೊಂಡರು. ಬರಹ ಅವರದು, ಕೆಳಗೆ ಸಹಿ ನನ್ನದು. ಈಗಲೂ ಹೊಟ್ಟೆ ಉರಿಯುತ್ತದೆ.

ಹಳೆಗಡಿಯಾರ: ಇಬ್ಬರೂ ಸ್ವಲ್ಪ ತಾಳಿ. ನಮ್ಮ ದರ್ಶನಗಳಲ್ಲಿ ನಾಸ್ತಿಕ ಅಂದರೆ ವೇದವನ್ನು ಪ್ರಮಾಣ ಅಂತ ಒಪ್ಪದವನು. ಜೈನರು, ಬೌದ್ಧರು, ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವ ಚಾರ್ವಾಕರು ಎಲ್ಲ ಆ ಸಾಲಿಗೇ ಸೇರುತ್ತಾರೆ. ವೇದದ ವಿಧಿಗಳ ಅರ್ಥ ಚರ್ಚಿಸುವ ಮೀಮಾಂಸಕರು ಸೃಷ್ಟಿಕರ್ತನನ್ನು ಒಪ್ಪದಿದ್ದರೂ, ವೇದವನ್ನು ಒಪ್ಪುವುದರಿಂದ ಆಸ್ತಿಕರು! ಇದು ತಿಳಿದ ಮೇಲೆ ನಾನು ಯಾವ ಹೆಸರನ್ನೂ ಇಟ್ಟುಕೊಂಡಿಲ್ಲ, ನೆಮ್ಮದಿಯಾಗಿದ್ದೇನೆ.

ನೇರನುಡಿ: ಸ್ಕ್ರೀನ್‌ಶಾಟ್ ಕಳಿಸಿದವರು ಮೀಮಾಂಸೆ ಓದಿದ್ದರಾ ಸ್ವಾಮಿ? ನೀವು ಹೆಸರು ಇಟ್ಟುಕೊಳ್ಳದಿದ್ದರೆ ಬೇರೆಯವರು ಇಡುತ್ತಾರೆ. ಮೇಲೆ ಆ ಅಕ್ಕನ ಫಾರಂನಲ್ಲಿ ಆಗಿದ್ದು ಅದೇ ತಾನೆ?

ಮಂಜುಹನಿ: ನನ್ನ ಕಷ್ಟವನ್ನು ನಿಮ್ಮ ವಾದಕ್ಕೆ ಎಳೆಯಬೇಡಿ. ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1947ರಲ್ಲೇ ಬರೆದಿದ್ದಾನೆ, ತತ್ವಶಾಸ್ತ್ರ ಬಲ್ಲವರ ಮುಂದೆ ತಾನು ಅಜ್ಞೇಯತಾವಾದಿ, ಬೀದಿಯಲ್ಲಿ ಸಿಕ್ಕವರಿಗೆ ನಾಸ್ತಿಕ ಅಂತ. ಒಬ್ಬನೇ ಮನುಷ್ಯ, ಎರಡು ಉತ್ತರ. ಅಲೆಮಾರಿಯವರೂ ಹಾಗೇ ಮಾಡಬಹುದು.

ನೇರನುಡಿ: ಅಂದರೆ ಬೀದಿಯಲ್ಲಿ ನನ್ನ ಮಾತೇ ಸರಿ ಅಂತಾಯ್ತು.

ಹಳೆಗಡಿಯಾರ: ಆಫೀಸು ಬೀದಿಯಲ್ಲ ಕಣ್ರೀ. ಅಲ್ಲಿ ಕೇಳಿದವರಿಗೆ ‘ಇದು ನನ್ನ ಸ್ವಂತ ವಿಷಯ’ ಅಂದರೆ ಯಾಕೆ ಸಾಲದು? ಅದನ್ನೂ ಪುಕ್ಕಲುತನ ಅಂತೀರಾ?

ನೇರನುಡಿ: ಹೌದು, ಅಂತೀನಿ.