ಮನೆ ಗುಂಪಿನಲ್ಲಿ ಒಂದು ನೀಲಿ ಕಲೆ

ದೊಡ್ಡಪ್ಪ (ಹಲವು ಸಲ ಫಾರ್ವರ್ಡ್ ಆದದ್ದು): ಪೆಟ್ಟಾಗದೆ ಮೈಮೇಲೆ ನೀಲಿ ಕಲೆ ಬಂದರೆ ಅದು ಬ್ಲಡ್ ಕ್ಯಾನ್ಸರ್!! ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಇಂದೇ ನಿಲ್ಲಿಸಿ!! ನಿಮ್ಮವರಿಗೆಲ್ಲ ಕಳಿಸಿ.

ಅಣ್ಣ: ದೊಡ್ಡಪ್ಪ, ಬೆಳಗ್ಗೆ ಬೆಳಗ್ಗೆ ಶುರು ಮಾಡಿದಿರಾ? ಇದನ್ನು ಬರೆದವರು ಯಾರು, ಹೆಸರಾದರೂ ಇದೆಯಾ ಕೆಳಗೆ?

ದೊಡ್ಡಪ್ಪ: ಹೆಸರು ಕಟ್ಟಿಕೊಂಡು ಏನು ಮಾಡುತ್ತೀಯ? ನನ್ನ ಕೈ ನೋಡು. (ಫೋಟೊ) ಎಲ್ಲೂ ತಗುಲಿಸಿಕೊಂಡಿಲ್ಲ, ಆದರೂ ಅಂಗೈಯಗಲ ನೀಲಿಗಟ್ಟಿದೆ.

ನಾನು: ಅಯ್ಯೋ, ಇಷ್ಟೊಂದಾ! ಅಕ್ಕ, ನೀನು ಸ್ವಲ್ಪ ನೋಡು.

ಅಕ್ಕ: ಈಗಷ್ಟೇ ಲ್ಯಾಬ್‌ಗೆ ಬಂದೆ. ನೋಡಿದೆ. ದೊಡ್ಡಪ್ಪ, ಹೆದರಬೇಡಿ. 70 ದಾಟಿದವರ ಮುಂಗೈ ಮೇಲೆ ಇಂಥದ್ದು ತುಂಬಾ ಸಾಮಾನ್ಯ. ವಯಸ್ಸಾದಂತೆ, ಬಿಸಿಲು ತಿಂದು ತಿಂದು ಚರ್ಮ ತೆಳುವಾಗುತ್ತದೆ, ಒಳಗಿನ ಸಣ್ಣ ರಕ್ತನಾಳಕ್ಕೆ ಆಸರೆ ಇರುವುದಿಲ್ಲ, ಬಾಗಿಲಿಗೆ ಸುಮ್ನೆ ಕೈ ಸವರಿದರೂ ಒಡೆಯುತ್ತದೆ, ನಮಗೆ ನೆನಪೂ ಇರುವುದಿಲ್ಲ. ಅದರ ಮೇಲೆ ನೀವು ಹೃದಯದ ರಕ್ತನಾಳ ತೆರೆದಿಡುವ ಸಣ್ಣ ಕೊಳವೆ, ಸ್ಟೆಂಟ್ ಹಾಕಿಸಿಕೊಂಡವರು, ರಕ್ತ ತೆಳು ಮಾಡುವ ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್ ಎರಡೂ ನುಂಗುತ್ತೀರಿ. ಕಲೆ ಆಗದಿದ್ದರೇ ಆಶ್ಚರ್ಯ.

ಅಣ್ಣ: ಕೇಳಿಸಿತಾ? ಏನೂ ಇಲ್ಲ. ಡಿಲೀಟ್ ಮಾಡಿ.

ದೊಡ್ಡಮ್ಮ: ಇವರು ಮೊನ್ನೆಯಿಂದ ಆ ಎರಡು ಮಾತ್ರೆ ನುಂಗಿಯೇ ಇಲ್ಲ.

ಅಕ್ಕ: ಏನು???

ದೊಡ್ಡಮ್ಮ: ಈ ಮೆಸೇಜ್ ಬಂದದ್ದು ಮೊನ್ನೆ. ನಮಗೆ ಹೇಳದೆ ನಿಲ್ಲಿಸಿದ್ದಾರೆ. ಡಬ್ಬಿ ಎತ್ತಿದಾಗ ನನಗೆ ಗೊತ್ತಾಯಿತು.

ಅಕ್ಕ: ದೊಡ್ಡಪ್ಪ, ಸ್ಟೆಂಟ್ ಹಾಕಿ ಇನ್ನೂ 8 ತಿಂಗಳು. ಆ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್ ಆಗಬಹುದು. ಕೈ ಮೇಲಿನ ಕಲೆ ಎರಡು ಮೂರು ವಾರದಲ್ಲಿ ತಾನೇ ಹೋಗುತ್ತದೆ, ಹಾರ್ಟ್ ಅಟ್ಯಾಕ್ ಹಾಗಲ್ಲ. ಈಗಲೇ ಹಾರ್ಟ್ ಡಾಕ್ಟರಿಗೆ ಫೋನ್ ಮಾಡಿ, ಎರಡು ದಿನ ಬಿಟ್ಟಿದ್ದೀನಿ ಅಂತ ಹೇಳಿ. ಬಿಟ್ಟದ್ದನ್ನೆಲ್ಲ ಸೇರಿಸಿ ಒಟ್ಟಿಗೆ ನುಂಗಬೇಡಿ.

ದೊಡ್ಡಪ್ಪ: ನೀನು ಲ್ಯಾಬಿನವಳು, ಡಾಕ್ಟರ್ ಅಲ್ವಲ್ಲಮ್ಮ.

ಅಕ್ಕ: ಅದಕ್ಕೇ ಡಾಕ್ಟರಿಗೆ ಫೋನ್ ಮಾಡಿ ಅಂದೆ. ಮೆಸೇಜ್ ಬರೆದವನೂ ಡಾಕ್ಟರ್ ಅಲ್ಲ. ಮೀನೆಣ್ಣೆ, ಬೆಳ್ಳುಳ್ಳಿ ಅಂತ ಬೇರೆ ಕ್ಯಾಪ್ಸೂಲ್ ತಗೊಳ್ಳುತ್ತೀರಲ್ಲ, ಅದನ್ನೂ ಅವರಿಗೆ ಹೇಳಿ. ಅವೂ ರಕ್ತಸ್ರಾವ ಸ್ವಲ್ಪ ಜಾಸ್ತಿ ಮಾಡಬಹುದು. ಮಂಡಿನೋವಿಗೆ ಐಬುಪ್ರೊಫೇನ್ ನುಂಗುವುದಂತೂ ಬೇಡವೇ ಬೇಡ.

ದೊಡ್ಡಮ್ಮ: ಹಾಗಾದರೆ ಯಾವಾಗ ಹೆದರಬೇಕಮ್ಮ?

ಅಕ್ಕ: ಮಲ ಡಾಂಬರಿನಂತೆ ಕಪ್ಪಗೆ ಬಂದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ಒತ್ತಿ ಹಿಡಿದರೂ ನಿಲ್ಲದಿದ್ದರೆ. ಮುಖ್ಯವಾಗಿ, ಬಿದ್ದು ತಲೆಗೆ ಪೆಟ್ಟಾದರೆ ಹೊರಗೆ ಏನೂ ಕಾಣದಿದ್ದರೂ ಸೀದಾ ಆಸ್ಪತ್ರೆಗೆ.

ಅಣ್ಣ: ಮುಗಿಯಿತಲ್ಲ. ಇಂಥ ಫಾರ್ವರ್ಡ್‌ಗಳೆಲ್ಲ ಸುಳ್ಳು. ಕಲೆ ಬಂದರೆ ಕಲೆ, ಅಷ್ಟೇ.

ಚಿಕ್ಕಮ್ಮ: ಭಾವ ಹೇಳಿದ್ದಕ್ಕೆ ನೆನಪಾಯಿತು. ಪುಟ್ಟಿಯ ಕಾಲಲ್ಲೂ ಒಂದು ವಾರದಿಂದ ಕೆಂಪು ಚುಕ್ಕಿ ಇವೆ. ಸಾಸಿವೆ ಕಾಳಿಗಿಂತ ಸಣ್ಣವು. ಸಾಕ್ಸ್ ಬಿಗಿಯಾಗಿ ಕೂರುವ ಜಾಗದಲ್ಲಿ ಜಾಸ್ತಿ.

ಅಣ್ಣ: ಸೊಳ್ಳೆ ಕಚ್ಚಿರುತ್ತದೆ ಚಿಕ್ಕಮ್ಮ.

ಅಕ್ಕ: ನೀನು ಸ್ವಲ್ಪ ಸುಮ್ಮನಿರು. ಚಿಕ್ಕಮ್ಮ, ಗಾಜಿನ ಲೋಟ ತಗೊಂಡು ಆ ಚುಕ್ಕಿಗಳ ಮೇಲೆ ಒತ್ತಿ. ಗಾಜಿನ ಮೂಲಕ ನೋಡಿ, ಬಣ್ಣ ಹೋಗುತ್ತದಾ?

ಚಿಕ್ಕಮ್ಮ: ಇಲ್ಲ. ಹಾಗೇ ಕೆಂಪಗಿವೆ.

ಅಕ್ಕ: ತುರಿಕೆ? ಜ್ವರ? ತಲೆನೋವು?

ಚಿಕ್ಕಮ್ಮ: ಒಂದೂ ಇಲ್ಲ. ಮೂರು ವಾರದ ಹಿಂದೆ ಶೀತ ಜ್ವರ ಬಂದು ಹೋಗಿತ್ತು, ಅಷ್ಟೇ. ಹಲ್ಲುಜ್ಜುವಾಗ ವಸಡಲ್ಲಿ ರಕ್ತ ಬರುತ್ತದೆ ಅಂತಾಳೆ, ಬ್ರಷ್ ಗಟ್ಟಿ ಅಂದುಕೊಂಡು ಹೊಸದು ತಂದುಕೊಟ್ಟೆ. ಈ ಸಲ ಮುಟ್ಟು ಕೂಡ 9 ದಿನ ಆದರೂ ನಿಂತಿಲ್ಲ.

ಅಕ್ಕ: ಇವತ್ತೇ ರಕ್ತ ಪರೀಕ್ಷೆ ಮಾಡಿಸಬೇಕು. ಈಗಲೇ ಇಲ್ಲಿಗೆ ಕರೆದುಕೊಂಡು ಬನ್ನಿ. ಒತ್ತಿದರೂ ಮಾಸದ ಚುಕ್ಕಿ ಅಂದರೆ ಚರ್ಮದೊಳಗೆ ರಕ್ತ ಸೋರಿದೆ ಅಂತ ಅರ್ಥ. ಜ್ವರ ಇದ್ದಿದ್ದರೆ ಲ್ಯಾಬ್ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ ಅನ್ನುತ್ತಿದ್ದೆ. ಅವಳಿಗೆ ಸ್ಕೂಟರ್ ಓಡಿಸಲು ಬಿಡಬೇಡಿ.

ಅಣ್ಣ: ಈಗ ನೀನೂ ಫಾರ್ವರ್ಡ್ ಥರ ಹೆದರಿಸುತ್ತಿದ್ದೀಯ.

ಅಕ್ಕ: ಫಾರ್ವರ್ಡ್ ಎಲ್ಲರಿಗೂ ಕ್ಯಾನ್ಸರ್ ಅನ್ನುತ್ತದೆ, ನೀನು ಎಲ್ಲರಿಗೂ ಏನೂ ಇಲ್ಲ ಅನ್ನುತ್ತೀಯ. ಇಬ್ಬರೂ ಕಾಲು ನೋಡಲಿಲ್ಲ. ಕಾರಣ ಹತ್ತಾರು ಇರಬಹುದು. ರಕ್ತ ಹೆಪ್ಪುಗಟ್ಟಲು ಬೇಕಾದ ಸಣ್ಣ ಕಣ, ಪ್ಲೇಟ್‌ಲೆಟ್ ಕಡಿಮೆ ಆಗಿರಬಹುದು, ಲಿವರ್ ತೊಂದರೆ ಇರಬಹುದು, ಹುಟ್ಟಿನಿಂದಲೇ ರಕ್ತ ಸರಿಯಾಗಿ ಹೆಪ್ಪುಗಟ್ಟದವರೂ ಇದ್ದಾರೆ, ಹೌದು, ಅಪರೂಪಕ್ಕೆ ರಕ್ತದ ಕ್ಯಾನ್ಸರ್ ಕೂಡ. ಒಂದು ನೇರಳೆ ಮುಚ್ಚಳದ ಟ್ಯೂಬ್ ತುಂಬ ರಕ್ತ ಕೊಟ್ಟರೆ ಅರ್ಧ ಉತ್ತರ ಸಿಗುತ್ತದೆ.

(ಮಧ್ಯಾಹ್ನದವರೆಗೆ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಅಣ್ಣ ಎರಡು ಸಲ ಟೈಪ್ ಮಾಡುವುದು ಕಂಡಿತು, ಮೆಸೇಜ್ ಬರಲಿಲ್ಲ.)

ಅಕ್ಕ: ರಿಪೋರ್ಟ್ ಬಂತು. ಪ್ಲೇಟ್‌ಲೆಟ್ 14 ಸಾವಿರ. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕು.

ನಾನು: ಮೆಷಿನ್ ತಪ್ಪಿರಬಹುದಾ?

ಅಕ್ಕ: ಕೆಲವೊಮ್ಮೆ ಟ್ಯೂಬಿನೊಳಗೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಮೆಷಿನ್ ಕಡಿಮೆ ಎಣಿಸುತ್ತದೆ. ಅದಕ್ಕೇ ರಕ್ತದ ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಹರಡಿ ನಮ್ಮ ಡಾಕ್ಟರಿಗೆ ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ಅಂಟಿಕೊಂಡಿಲ್ಲ, ನಿಜವಾಗಿಯೇ ಕಡಿಮೆ. ಬಿಳಿ ಕಣ, ಹಿಮೋಗ್ಲೋಬಿನ್ ಎರಡೂ ಸರಿ ಇವೆ, ಅದು ಒಳ್ಳೆಯ ವಿಷಯ. ಮುಂದಿನದನ್ನು ರಕ್ತದ ಡಾಕ್ಟರೇ ಹೇಳಬೇಕು. ಅಡ್ಮಿಟ್ ಮಾಡಿಕೊಳ್ಳುತ್ತಿದ್ದಾರೆ.

ಚಿಕ್ಕಮ್ಮ: ಯಾರಾದರೂ ಹೊಡೆದರಾ ಅಂತ ನನ್ನನ್ನು ಹೊರಗೆ ಕಳಿಸಿ ಅವಳನ್ನು ಕೇಳಿದರಂತೆ. ಬೇಜಾರಾಯಿತು.

ಅಕ್ಕ: ಕೇಳಲೇಬೇಕು ಚಿಕ್ಕಮ್ಮ. ಎದುರಿಗೆ ಹೇಳಲಾಗದವರು ತುಂಬಾ ಜನ ಇರುತ್ತಾರೆ.

ಅಣ್ಣ: ಕಾರ್ ತರುತ್ತಿದ್ದೇನೆ. ಏನೇನು ಬೇಕು ಹೇಳಿ.

ಚಿಕ್ಕಮ್ಮ: ಅವಳ ಫೋನ್ ಚಾರ್ಜರ್. ಮೆತ್ತನೆ ಬ್ರಷ್ ಒಂದು.

ದೊಡ್ಡಪ್ಪ: ನಾನೂ ಬರಲಾ?

ಅಕ್ಕ: ನೀವು ಮೊದಲು ಡಾಕ್ಟರಿಗೆ ಫೋನ್ ಮಾಡಿದಿರಾ?

ದೊಡ್ಡಮ್ಮ: ಮಾಡಿದರು. ಚೆನ್ನಾಗಿ ಬೈಸಿಕೊಂಡರು. ಮಾತ್ರೆ ನುಂಗಿದ್ದಾರೆ, ನಾನೇ ಪಕ್ಕದಲ್ಲಿ ನಿಂತು ನೋಡಿದೆ.