ಸಹಾಯ ಬೇಕು: ನಾಮಿನಿ ಫಾರ್ಮಿನ 'ಸಂಬಂಧ' ಕಾಲಂನಲ್ಲಿ ಏನು ಬರೆಯೋದು?

ಸಣ್ಣ ಊರು, ಇರೋದು ಒಂದೇ ಬ್ಯಾಂಕ್ ಶಾಖೆ. ಬೆಳಿಗ್ಗೆ ಕೊಟ್ಟ ಅರ್ಜಿ ಸಂಜೆಗೆ ಹೋಟೆಲ್ ಕಟ್ಟೆ ಮೇಲೆ ಚರ್ಚೆ. ಇಬ್ಬರು ಗಂಡಸರು ಜೊತೆಯಾಗಿ ಬಾಳ್ತಿದ್ದಾರೆ. ಊರಿನ ಲೆಕ್ಕದಲ್ಲಿ 'ರೂಮ್‌ಮೇಟ್'. ಒಬ್ಬರು ಇನ್ನೊಬ್ಬರನ್ನ ಉಳಿತಾಯ ಖಾತೆಗೆ ನಾಮಿನಿ ಮಾಡಬೇಕು. ಸಲಿಂಗಿ ಸಂಗಾತಿಯನ್ನ ನಾಮಿನಿ ಮಾಡೋಕೆ ಅಡ್ಡಿಯಿಲ್ಲ ಅನ್ನೋ ಹಣಕಾಸು ಸಚಿವಾಲಯದ 2024ರ ಆಗಸ್ಟ್ 28ರ ಸ್ಪಷ್ಟನೆ ತೋರಿಸಿದ್ದಾಯ್ತು. ಆದರೂ 'ರಕ್ತಸಂಬಂಧಿ ಹೆಸರು ಬರೀರಿ' ಅಂತ ವಾಪಸ್. ಬ್ಯಾಂಕಿನ ನಾಮಿನಿ ಫಾರ್ಮಿನಲ್ಲಿ (ಡಿಎ-1) ಇರೋದು 'ಸಂಬಂಧ, ಇದ್ದರೆ' ಅಂತ ಮಾತ್ರ! ನಾಮಿನಿ ವಾರಸುದಾರ ಅಲ್ಲ, ವಿಲ್ ಬೇರೆ ಬೇಕು ಅನ್ನೋದು ಗೊತ್ತು.

ಗೊಂದಲ ಇಷ್ಟೇ: ಆ ಕಾಲಂ ಖಾಲಿ ಬಿಟ್ಟರೆ, ಇಲ್ಲಾ 'ಸ್ನೇಹಿತ' ಅಂತ ಬರೆದರೆ, ಮುಂದೆ ಮನೆಯವರು ತಕರಾರು ತೆಗೆದಾಗ ಕ್ಲೇಮಿಗೆ ತೊಂದರೆ ಆಗುತ್ತಾ? ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಹೇಳ್ತೀರಾ?