ಸಹಾಯ ಬೇಕು: ಮೀಟರ್ ಸ್ಕೇಲಿನಿಂದ ಮರದ ಸಾಂದ್ರತೆ ಕಂಡುಹಿಡಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ನಡುವೆ ದಾರ ಕಟ್ಟಿ ತೂಗುಹಾಕಿದ ಮೀಟರ್ ಸ್ಕೇಲಿನ ಒಂದು ಬದಿಗೆ ಗ್ರಾನೈಟ್ ಚೂರನ್ನು ಕಟ್ಟಿ, ಇನ್ನೊಂದು ಬದಿಯ ತೂಕದ ಬಟ್ಟನ್ನು ಸರಿಸುತ್ತ ಹೋದಾಗ, ದಾರದಿಂದ 26 ಸೆಂ.ಮೀ. ದೂರದಲ್ಲಿ ಸ್ಕೇಲು ಸಮತೋಲನಕ್ಕೆ ಬಂತು. ಕಲ್ಲನ್ನು ಕಟ್ಟಿದ ಜಾಗ ಬದಲಿಸದೆ ಪೂರ್ತಿಯಾಗಿ ನೀರಿನಲ್ಲಿ ಮುಳುಗಿಸಿದಾಗ ಬಟ್ಟನ್ನು 16 ಸೆಂ.ಮೀ.ಗೆ ತರಬೇಕಾಯಿತು. 26ನ್ನು ವ್ಯತ್ಯಾಸವಾದ 10ರಿಂದ ಭಾಗಿಸಿದರೆ ಸಾಂದ್ರತೆ ಘನ ಸೆಂ.ಮೀ.ಗೆ 2.6 ಗ್ರಾಂ. ಕಲ್ಲಿನ ತೂಕವಾಗಲಿ ಬಟ್ಟಿನ ತೂಕವಾಗಲಿ ಗೊತ್ತಿರಬೇಕಿಲ್ಲ ಎಂಬುದೇ ಈ ಪ್ರಯೋಗದ ಸೊಗಸು.

ಮಕ್ಕಳು ಈಗ ತೋಟದಿಂದ ಸಿಲ್ವರ್ ಓಕ್ ತುಂಡೊಂದನ್ನು ತಂದಿದ್ದಾರೆ, ಅದು ತೇಲುತ್ತದೆ. ಇದೇ ಕಲ್ಲನ್ನು ಅದಕ್ಕೆ ಕಟ್ಟಿ ಮುಳುಗಿಸಿದರೆ ಮೊಮೆಂಟ್‌ಗಳ (ತೂಕವನ್ನು ದಾರದಿಂದ ಅದಕ್ಕಿರುವ ದೂರದಿಂದ ಗುಣಿಸಿದ್ದು) ಲೆಕ್ಕವನ್ನು ಒಂಬತ್ತನೇ ತರಗತಿಯವರಿಗೆ ತಿಳಿಯುವಂತೆ ಹೇಗೆ ಬಿಡಿಸಬೇಕು? ಮರ ನೀರು ಹೀರದಂತೆ ಮೇಣ ಬಳಿಯಬಹುದೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.